ಪುಸ್ತಕಕ್ಕೆ ವಿಳಾಸ ಬರೆದ ಗಣಿತದ ಮೇಷ್ಟ್ರು

– ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್

ಪ್ರತಿ ವರ್ಷ ಆಗಸ್ಟ್ 12ರಂದು ನಮ್ಮ ದೇಶದ ಗ್ರಂಥಾಲಯಗಳಲ್ಲಿ ಒಬ್ಬರ ಭಾವಚಿತ್ರಕ್ಕೆ ಹೂವಿನ ಹಾರ ಹಾಕುತ್ತಾರೆ. ಅವರು ಮಂತ್ರಿಯಲ್ಲ, ಕವಿಯಲ್ಲ, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋದವರೂ ಅಲ್ಲ. ಹುಟ್ಟಿದ್ದು ತಮಿಳುನಾಡಿನಲ್ಲಿ, ಕೆಲಸ ಆರಂಭಿಸಿದ್ದು ಮಂಗಳೂರಿನಲ್ಲಿ, ಕಣ್ಣು ಮುಚ್ಚಿದ್ದು ಬೆಂಗಳೂರಿನಲ್ಲಿ. ಹೆಸರು ಶಿಯಾಳಿ ರಾಮಾಮೃತ ರಂಗನಾಥನ್. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಂದು ಅವರನ್ನು ಕರೆಯುತ್ತಾರೆ. ನಮ್ಮ ಶಾಲೆಗೆ 50 ವರ್ಷ ತುಂಬಿದ ಈ ಹೊತ್ತಿನಲ್ಲಿ ಅವರ ಬದುಕನ್ನು ನೆನೆಯಲು ಎರಡು ಕಾರಣಗಳಿವೆ. ಒಂದು, ನಮ್ಮ ಊರಿನ ಗ್ರಂಥಾಲಯಕ್ಕೂ ಅವರಿಗೂ ನೇರ ಸಂಬಂಧವಿದೆ. ಇನ್ನೊಂದು, ಸುವರ್ಣ ಮಹೋತ್ಸವದ ನೆನಪಿಗೆಂದು ನಾವೆಲ್ಲ ಶಾಲೆಗೆ ಪುಸ್ತಕ ಕೊಡಲು ಹೊರಟಿದ್ದೇವೆ. ಕೊಟ್ಟ ಪುಸ್ತಕ ಮಕ್ಕಳ ಕೈಗೆ ಸೇರುವುದೋ ಬೀರುವಿನಲ್ಲಿ ಗೆದ್ದಲಿಗೆ ಆಹಾರವಾಗುವುದೋ ಎಂಬ ಪ್ರಶ್ನೆಗೆ ಇಡೀ ಜೀವಮಾನ ಉತ್ತರ ಹುಡುಕಿದವರು ರಂಗನಾಥನ್.

ಅವರು 1892ರ ಆಗಸ್ಟ್‌ನಲ್ಲಿ ತಂಜಾವೂರು ಸೀಮೆಯ ಶಿಯಾಳಿಯಲ್ಲಿ ಹುಟ್ಟಿದರು. ಅದೇ ಇಂದಿನ ಸೀರ್ಕಾಳಿ. ಆರು ವರ್ಷದ ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಮಾತನಾಡುವಾಗ ತೊದಲು ಬೇರೆ ಇತ್ತು. ತೊದಲುವ ಹುಡುಗ ಮುಂದೆ ಮೇಷ್ಟ್ರಾಗುತ್ತಾನೆ, ದೇಶ ದೇಶಗಳ ಸಭೆಗಳಲ್ಲಿ ಮಾತನಾಡುತ್ತಾನೆ ಎಂದು ಆಗ ಯಾರೂ ಅಂದುಕೊಂಡಿರಲಾರರು. ಊರಿನ ಹಿಂದೂ ಹೈಸ್ಕೂಲಿನಲ್ಲಿ ಓದಿ, ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿಗೆ ಸೇರಿ, 1913ರಲ್ಲಿ ಬಿ.ಎ., 1916ರಲ್ಲಿ ಗಣಿತದಲ್ಲಿ ಎಂ.ಎ. ಮುಗಿಸಿದರು. ಅಲ್ಲಿ ಅವರಿಗೆ ಸಿಕ್ಕ ಗುರು ಎಡ್ವರ್ಡ್ ರಾಸ್. ಈ ಗುರುವಿನ ಮೇಲಿನ ಭಕ್ತಿಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಆಮೇಲೆ ಶಿಕ್ಷಕ ತರಬೇತಿ ಪಡೆದು 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಅಧ್ಯಾಪಕರಾಗಿ ಬಂದರು. ಆ ಕಾಲಕ್ಕೆ ಮಂಗಳೂರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಹಾಗಾಗಿ ಈ ಮೇಷ್ಟ್ರು ಮೊದಲು ಸೀಮೆಸುಣ್ಣ ಹಿಡಿದದ್ದು ಕನ್ನಡ, ತುಳು ಮಾತನಾಡುವ ಮಕ್ಕಳ ಮುಂದೆ. ಅಲ್ಲಿಂದ ಕೊಯಮತ್ತೂರು, ನಂತರ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು.

ಅಧ್ಯಾಪಕರ ಸಂಬಳ ಆಗ ತೀರಾ ಕಡಿಮೆ. ಮದ್ರಾಸ್ ವಿಶ್ವವಿದ್ಯಾನಿಲಯ ತನ್ನ ಗ್ರಂಥಾಲಯಕ್ಕೆ ಗ್ರಂಥಪಾಲಕರು ಬೇಕೆಂದು ಅರ್ಜಿ ಕರೆದಾಗ, ಸಂಬಳ ಹೆಚ್ಚೆಂಬ ಕಾರಣಕ್ಕೆ ರಂಗನಾಥನ್ ಕೂಡ ಅರ್ಜಿ ಹಾಕಿದರು. ಸುಮಾರು 900 ಮಂದಿ ಅರ್ಜಿ ಹಾಕಿದ್ದರಂತೆ. ಆ ವಿದ್ಯೆಯನ್ನು ಕಲಿತವರು ಅವರಲ್ಲಿ ಒಬ್ಬರೂ ಇರಲಿಲ್ಲ. ರಂಗನಾಥನ್ ಅವರಿಗಿದ್ದ ತಿಳಿವಳಿಕೆಯೂ ಸಂದರ್ಶನಕ್ಕೆ ಕೆಲವು ದಿನ ಮೊದಲು ವಿಶ್ವಕೋಶದಲ್ಲಿ ಓದಿದ ಒಂದು ಲೇಖನದಷ್ಟೆ. ಆದರೂ ಕೆಲಸ ಅವರಿಗೇ ಸಿಕ್ಕಿತು. 1924ರ ಜನವರಿಯಲ್ಲಿ ಗ್ರಂಥಾಲಯಕ್ಕೆ ಹೋದರೆ ಅಲ್ಲಿ ಮಾತನಾಡಲು ಮನುಷ್ಯರಿಲ್ಲ, ಮಾಡಲು ಕೆಲಸವಿಲ್ಲ. ತರಗತಿಯ ಗದ್ದಲಕ್ಕೆ ಒಗ್ಗಿಹೋಗಿದ್ದ ಜೀವಕ್ಕೆ ಈ ಮೌನ ಸೆರೆಮನೆಯಾಯಿತು. ವಾರ ಕಳೆಯುವುದರೊಳಗೆ ಹಳೆಯ ಕಾಲೇಜಿಗೆ ಓಡಿಹೋಗಿ, ತಮ್ಮನ್ನು ಮತ್ತೆ ಗಣಿತಕ್ಕೆ ಸೇರಿಸಿಕೊಳ್ಳಬೇಕೆಂದು ಬೇಡಿಕೊಂಡರು. ಕೊನೆಗೆ ಒಂದು ಒಪ್ಪಂದವಾಯಿತು. ಮೊದಲು ಲಂಡನ್ನಿಗೆ ಹೋಗಿ ಗ್ರಂಥಾಲಯದ ವಿದ್ಯೆ ಕಲಿತು ಬರುವುದು. ಬಂದ ಮೇಲೂ ಬೇಸರವೆನಿಸಿದರೆ ಗಣಿತದ ಹುದ್ದೆ ಅವರಿಗೇ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರು ತೆಗೆದ ಅಂಕಗಳು ಹೇಳಿಕೊಳ್ಳುವಂಥವೇನಲ್ಲ. ಆದರೆ ಬರ್ವಿಕ್ ಸೇಯರ್ಸ್ ಎಂಬ ಗುರು ಅವರನ್ನು ಗುರುತಿಸಿ, ಊರೂರಿನ ಗ್ರಂಥಾಲಯಗಳನ್ನು ಕಣ್ಣಾರೆ ನೋಡುವಂತೆ ಮಾಡಿದರು. ರಂಗನಾಥನ್ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿದರು. ಅಲ್ಲಿ ಕೂಲಿಕಾರರು, ಗೃಹಿಣಿಯರು, ಶಾಲಾ ಮಕ್ಕಳು ತಾವೇ ಕಪಾಟಿನ ಮುಂದೆ ನಿಂತು ಪುಸ್ತಕ ಆರಿಸಿಕೊಳ್ಳುತ್ತಿದ್ದರು. ನಮ್ಮ ದೇಶದಲ್ಲಿ ಪುಸ್ತಕವೆಂದರೆ ಬೀಗ ಹಾಕಿ ಕಾಯುವ ವಸ್ತುವಾಗಿದ್ದ ಕಾಲ ಅದು. ಗ್ರಂಥಾಲಯವೆಂದರೆ ಉಗ್ರಾಣವಲ್ಲ, ಊರಿನ ಬಾವಿಯ ಹಾಗೆ ಎಲ್ಲರೂ ಸೇದಿಕೊಳ್ಳುವ ಜಾಗ ಎಂಬುದು ಅವರಿಗೆ ಅಲ್ಲಿ ಮನವರಿಕೆಯಾಯಿತು. ಅಲ್ಲಿಂದ ಮುಂದೆ ಗಣಿತದ ಹುದ್ದೆಯ ಮಾತು ಎತ್ತಲೇ ಇಲ್ಲ.

ಗ್ರಂಥಾಲಯಗಳನ್ನು ನೋಡುತ್ತಾ ಅವರ ಗಣಿತದ ಬುದ್ಧಿಗೆ ಒಂದು ಕೊರತೆ ಕಂಡಿತು. ಪುಸ್ತಕಗಳನ್ನು ವಿಷಯದ ಪ್ರಕಾರ ಜೋಡಿಸಲು ಆಗ ಹೆಚ್ಚು ಬಳಕೆಯಲ್ಲಿದ್ದದ್ದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಹೊರತಂದ ದಶಾಂಶ ಪದ್ಧತಿ. ಲೋಕದ ಎಲ್ಲ ಜ್ಞಾನವನ್ನು 000ದಿಂದ 999ರವರೆಗೆ ಹತ್ತು ಭಾಗ, ಪ್ರತಿ ಭಾಗದಲ್ಲಿ ಮತ್ತೆ ಹತ್ತು ಎಂದು ಹಂಚಿದ ಜಾಣ ಪದ್ಧತಿ ಅದು. ನಮ್ಮ ಕನ್ನಡ ಸಾಹಿತ್ಯಕ್ಕೆ ಅದರಲ್ಲಿ 894.814 ಎಂಬ ಸಂಖ್ಯೆ ಇದೆ. ಅದರ ಮುಂದೆ 3 ಸೇರಿಸಿದರೆ ಕಾದಂಬರಿ. ತ.ರಾ.ಸು. ಅವರ ದುರ್ಗಾಸ್ತಮಾನದ ಬೆನ್ನಿನ ಮೇಲೆ ಆ ಸಂಖ್ಯೆಯ ಚೀಟಿ ಇದ್ದರೆ, ಅದನ್ನು ಯಾವ ಊರಿನ ಗ್ರಂಥಾಲಯದಲ್ಲಾದರೂ ಅದೇ ಸಾಲಿನಲ್ಲಿ ಹುಡುಕಬಹುದು. ಆದರೆ ಡ್ಯೂಯಿ ತನ್ನ ನಾಡಿಗೆ ತಕ್ಕಂತೆ ಮನೆ ಕಟ್ಟಿದವನು. ಧರ್ಮಕ್ಕೆಂದು ಇಟ್ಟ 200ರ ಭಾಗದಲ್ಲಿ ಹೆಚ್ಚಿನ ಜಾಗವೆಲ್ಲ ಕ್ರೈಸ್ತ ಧರ್ಮಕ್ಕೆ ಹೋಗಿ, ಹಿಂದೂ, ಬೌದ್ಧ, ಜೈನ, ಇಸ್ಲಾಂ ಎಲ್ಲವೂ 290 ಎಂಬ ಒಂದೇ ಕೋಣೆಯಲ್ಲಿ ಇಕ್ಕಟ್ಟಾಗಿ ಕೂರಬೇಕಾಯಿತು. ಹೊಸ ವಿಷಯವೊಂದು ಹುಟ್ಟಿದರೂ ಇದೇ ತೊಂದರೆ. ಮೊದಲೇ ಪಟ್ಟಿಯಲ್ಲಿ ಬರೆದಿಡದ ವಿಷಯಕ್ಕೆ ಸಂಖ್ಯೆ ಎಲ್ಲಿಂದ ತರುವುದು?

ಉತ್ತರ ಸಿಕ್ಕಿದ್ದು ಆಟಿಕೆಗಳ ಮುಂದೆ. ಲಂಡನ್ನಿನ ದೊಡ್ಡ ಅಂಗಡಿಯೊಂದರಲ್ಲಿ ಮೆಕ್ಕಾನೊ ಎಂಬ ಆಟಿಕೆಯನ್ನು ತೋರಿಸುತ್ತಿದ್ದರು. ತೂತು ಕೊರೆದ ಲೋಹದ ಪಟ್ಟಿಗಳು, ಚಕ್ರಗಳು, ನಟ್ಟು ಬೋಲ್ಟುಗಳು. ಅವೇ ತುಂಡುಗಳನ್ನು ಒಮ್ಮೆ ಒಂದು ರೀತಿ, ಇನ್ನೊಮ್ಮೆ ಇನ್ನೊಂದು ರೀತಿ ಜೋಡಿಸಿದರೆ ಬೇರೆ ಬೇರೆ ಆಟಿಕೆಗಳಾಗುತ್ತಿದ್ದವು. ವಿಷಯಗಳನ್ನೂ ಹೀಗೆಯೇ ತುಂಡುಗಳಿಂದ ಕಟ್ಟಬಹುದಲ್ಲ ಎಂದು ರಂಗನಾಥನ್ ಅವರಿಗೆ ಹೊಳೆಯಿತು. ಎಲ್ಲ ವಿಷಯಗಳ ಸಿದ್ಧಪಟ್ಟಿ ಬೇಡ. ಮೂಲ ತುಂಡುಗಳನ್ನಷ್ಟೇ ಕೊಟ್ಟು, ಅವನ್ನು ಜೋಡಿಸುವ ನಿಯಮ ಹೇಳಿದರೆ ಸಾಕು. ನಟ್ಟು ಬೋಲ್ಟಿನ ಜಾಗದಲ್ಲಿ ಕೋಲನ್ ಚಿಹ್ನೆ, ಅಂದರೆ ಒಂದರ ಮೇಲೊಂದು ಇಡುವ ಎರಡು ಚುಕ್ಕೆ. ಸರಳವಾಗಿ ಹೇಳಬೇಕೆಂದರೆ ಡ್ಯೂಯಿಯದು ಅಂಗಡಿಯಲ್ಲಿ ಸಿಗುವ ಸಿದ್ಧ ಉಡುಪು, ರಂಗನಾಥನ್ ಅವರದು ಅಳತೆ ತೆಗೆದು ದರ್ಜಿ ಹೊಲಿದದ್ದು. 1925ರಲ್ಲಿ ಊರಿಗೆ ಮರಳುವಾಗ ಹಡಗಿನ ಗ್ರಂಥಾಲಯದ ಪುಸ್ತಕಗಳನ್ನೇ ತಮ್ಮ ಹೊಸ ಪದ್ಧತಿಯಲ್ಲಿ ಜೋಡಿಸಿ ನೋಡಿದರು. ಕೋಲನ್ ವರ್ಗೀಕರಣ ಪುಸ್ತಕವಾಗಿ ಹೊರಬಂದದ್ದು 1933ರಲ್ಲಿ.

ಇದನ್ನು ನಮ್ಮ ಜಿಲ್ಲೆಯ ಉದಾಹರಣೆಯಿಂದಲೇ ನೋಡೋಣ. ಹಿರಿಯೂರು ಬಳಿ ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿ ವಿಲಾಸ ಸಾಗರದ ನಿರ್ಮಾಣದ ಬಗ್ಗೆ ಒಂದು ಪುಸ್ತಕವಿದೆ ಎಂದುಕೊಳ್ಳಿ. ಮೂಲ ವಿಷಯ ಎಂಜಿನಿಯರಿಂಗ್. ಅದರೊಳಗೆ ಮುಖ್ಯ ವಸ್ತು ಯಾವುದು? ಅಣೆಕಟ್ಟು. ಯಾವ ಪದಾರ್ಥದ್ದು? ಕಲ್ಲು ಗಾರೆಯದು. ಯಾವ ಕ್ರಿಯೆ? ಕಟ್ಟುವುದು. ಎಲ್ಲಿ? ಹಿರಿಯೂರಿನಲ್ಲಿ. ಯಾವಾಗ? 20ನೆಯ ಶತಮಾನದ ಆರಂಭದಲ್ಲಿ. ವ್ಯಕ್ತಿತ್ವ, ಪದಾರ್ಥ, ಶಕ್ತಿ, ದೇಶ, ಕಾಲ ಎಂಬ ಈ ಐದು ಮುಖಗಳಲ್ಲಿ ಯಾವ ವಿಷಯವನ್ನಾದರೂ ಬಿಡಿಸಬಹುದು ಎಂದು ಅವರು ಮುಂದೆ ಸಿದ್ಧಾಂತ ಕಟ್ಟಿದರು. ಎಲ್ಲ ಪುಸ್ತಕಕ್ಕೂ ಐದೂ ಇರಲೇಬೇಕೆಂದಿಲ್ಲ. ಇದ್ದಷ್ಟನ್ನು ಗೊತ್ತಾದ ಕ್ರಮದಲ್ಲಿ ಜೋಡಿಸಿದರೆ ಆ ಪುಸ್ತಕದ ವಿಳಾಸ ಸಿದ್ಧ. ಉದಾಹರಣೆಗೆ, ಇಂಗ್ಲಿಷ್ ನಾಟಕಕಾರ ಶೇಕ್ಸ್‌ಪಿಯರನಿಗೆ ಅವರ ಪದ್ಧತಿಯಲ್ಲಿ ಸಾಹಿತ್ಯದ ಒಂದು ಅಕ್ಷರ, ಇಂಗ್ಲಿಷಿಗೆ ಒಂದು ಸಂಖ್ಯೆ, ನಾಟಕಕ್ಕೆ ಒಂದು ಅಂಕಿ, ಅವನು ಹುಟ್ಟಿದ 1564ನೆಯ ಇಸವಿಗೆ ಒಂದು ಗುರುತು. ಇಷ್ಟರಲ್ಲಿ ಕವಿಯ ಗುರುತು ಮುಗಿಯಿತು.

ಕಂಪ್ಯೂಟರಿನ ಕೆಲಸ ಮಾಡುವ ನನ್ನಂಥವನಿಗೆ ಇದು ಬಹಳ ಪರಿಚಿತವಾದ ಲೆಕ್ಕ. ಇಂದು ಮೊಬೈಲಿನಲ್ಲಿ ಅಂಗಿ ಕೊಳ್ಳುವಾಗ ಬಣ್ಣ, ಅಳತೆ, ಬಟ್ಟೆ, ಬೆಲೆ ಎಂದು ಒಂದೊಂದೇ ಗುರುತು ಒತ್ತುತ್ತಾ ಹೋಗುತ್ತೇವಲ್ಲ, ಅದು ವಸ್ತುವನ್ನು ಮುಖಗಳಾಗಿ ಬಿಡಿಸಿ ಹುಡುಕುವ ಅದೇ ಉಪಾಯ. ಮೊದಲು ವಿಚಾರದ ಹಂತ, ಆಮೇಲೆ ಹೆಸರಿಡುವ ಹಂತ, ಕೊನೆಗೆ ಸಂಕೇತದ ಹಂತ. ಮೂರನ್ನೂ ಬೆರೆಸಬಾರದು, ಸಂಕೇತದ ಅನುಕೂಲಕ್ಕಾಗಿ ವಿಚಾರವನ್ನು ತಿರುಚಬಾರದು ಎಂದು ಅವರು ಕಲಿಸಿದರು. ಒಳ್ಳೆಯ ಸಾಫ್ಟ್‌ವೇರ್ ಬರೆಯುವವರು ಇಂದಿಗೂ ಪಾಲಿಸುವ ಶಿಸ್ತು ಇದು.

ವರ್ಗೀಕರಣ ಒಂದು ಕೈಯಾದರೆ ಸೂಚೀಕರಣ ಇನ್ನೊಂದು ಕೈ. ಪುಸ್ತಕ ಕಪಾಟಿನಲ್ಲಿ ಒಂದೇ ಜಾಗದಲ್ಲಿ ನಿಲ್ಲಬಲ್ಲದು. ಓದುಗರು ಮಾತ್ರ ಹತ್ತು ದಾರಿಯಿಂದ ಬರುತ್ತಾರೆ. ಒಬ್ಬರಿಗೆ ಲೇಖಕರ ಹೆಸರು ಗೊತ್ತು, ಇನ್ನೊಬ್ಬರಿಗೆ ಶೀರ್ಷಿಕೆ ಅರ್ಧ ನೆನಪು, ಮತ್ತೊಬ್ಬರಿಗೆ ವಿಷಯ ಮಾತ್ರ ಬೇಕು. ಎಲ್ಲರನ್ನೂ ಒಂದೇ ಪುಸ್ತಕಕ್ಕೆ ಮುಟ್ಟಿಸುವುದು ಸೂಚಿಯ ಕೆಲಸ. ಇದಕ್ಕಾಗಿ ರಂಗನಾಥನ್ 1934ರಲ್ಲಿ ಒಂದು ಸೂಚೀಕರಣ ಸಂಹಿತೆಯನ್ನೇ ಪ್ರಕಟಿಸಿದರು. ಅದರಲ್ಲಿ ನಮ್ಮವರ ಹೆಸರಿನ ತೊಡಕಿಗೂ ಗಮನ ಕೊಟ್ಟರು. ಪಾಶ್ಚಾತ್ಯರಿಗೆ ಮನೆತನದ ಹೆಸರನ್ನು ಮೊದಲಿಟ್ಟು ಪಟ್ಟಿ ಮಾಡುವುದು ಸುಲಭ. ದಕ್ಷಿಣ ಭಾರತದವರ ಹೆಸರಿನಲ್ಲಿ ಊರು ಮೊದಲು, ಆಮೇಲೆ ತಂದೆ, ಕೊನೆಯಲ್ಲಿ ತನ್ನ ಹೆಸರು. ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್ ಅವರನ್ನು ತ ಅಕ್ಷರದಲ್ಲಿ ಹುಡುಕಬೇಕೋ, ಸ ಅಕ್ಷರದಲ್ಲೋ? ಓದುಗರಿಗೆ ಅವರು ಗೊತ್ತಿರುವುದೇ ತ.ರಾ.ಸು. ಎಂದು. ಒಂದು ಕಡೆ ಪೂರ್ತಿ ವಿವರ ಬರೆದು, ಉಳಿದ ಹೆಸರುಗಳಿಂದ ಅಲ್ಲಿಗೆ ದಾರಿ ತೋರಿಸುವ ಚೀಟಿ ಇಡಬೇಕು ಎಂಬುದು ಸೂಚೀಕರಣದ ನಿಯಮ. ಅರ್ಜಿ ತುಂಬುವಾಗ ಕೊನೆಯ ಹೆಸರು ಯಾವುದೆಂದು ಕೇಳಿ, ಹಿರಿಯೂರನ್ನೋ ಹೊಳಲ್ಕೆರೆಯನ್ನೋ ನಮ್ಮ ಮನೆತನದ ಹೆಸರಾಗಿಸುವ ಇಂದಿನ ಫಾರಂಗಳನ್ನು ಕಂಡವರಿಗೆ, ಆ ಕಾಲದಲ್ಲೇ ಈ ತೊಡಕನ್ನು ಗಮನಿಸಿದ ಅವರ ಬೆಲೆ ತಿಳಿಯುತ್ತದೆ. ಎರಡು ನಿಯಮಗಳು ಪರಸ್ಪರ ಜಗಳವಾಡಿದರೆ ಹೇಗೆ ತೀರ್ಮಾನಿಸಬೇಕು ಎಂಬುದಕ್ಕೂ ಅವರು ಸೂತ್ರ ಕೊಟ್ಟರು. ಅದರಲ್ಲೊಂದು ಮಿತವ್ಯಯದ ಸೂತ್ರ: ಎರಡು ದಾರಿಯೂ ಒಂದೇ ಫಲ ಕೊಡುವುದಾದರೆ ಕಡಿಮೆ ಖರ್ಚು, ಕಡಿಮೆ ಶ್ರಮದ್ದನ್ನು ಹಿಡಿಯಿರಿ.

ಇಷ್ಟೆಲ್ಲ ನಿಯಮಗಳ ಬೇರು ಐದು ಸರಳ ಸೂತ್ರಗಳಲ್ಲಿದೆ. 1928ರಲ್ಲಿ ಅವನ್ನು ರೂಪಿಸಲು ಒದ್ದಾಡುತ್ತಿದ್ದಾಗ, ಭೇಟಿಗೆ ಬಂದ ಗುರು ರಾಸ್ ಶಿಷ್ಯನ ಮನಸ್ಸಿನಲ್ಲಿದ್ದ ಮೊದಲ ಸೂತ್ರವನ್ನು ನಾಲ್ಕೇ ಮಾತಿನಲ್ಲಿ ಹೇಳಿಕೊಟ್ಟರು. ಉಳಿದವು ಅದರ ಹಿಂದೆ ತಾವಾಗಿ ಬಂದವು. 1931ರಲ್ಲಿ ಪುಸ್ತಕರೂಪ ಪಡೆದ ಆ ಪಂಚಸೂತ್ರಗಳ ಸಾರ ಇಷ್ಟು. ಪುಸ್ತಕ ಇರುವುದು ಬಳಸಲಿಕ್ಕೆ, ಕಾಯಲಿಕ್ಕಲ್ಲ. ಓದುವ ಪ್ರತಿಯೊಬ್ಬರಿಗೂ ಅವರಿಗೆ ಬೇಕಾದ ಪುಸ್ತಕ ಸಿಗಬೇಕು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಓದುಗರ ಸಮಯ ಹಾಳಾಗಬಾರದು. ಗ್ರಂಥಾಲಯ ಬೆಳೆಯುವ ಜೀವ, ಅದಕ್ಕೆ ತಕ್ಕ ಜಾಗ ಮತ್ತು ವ್ಯವಸ್ಥೆ ಇರಬೇಕು. ಅದೇ ವರ್ಷ ಮದ್ರಾಸ್ ಪ್ರಾಂತ್ಯದ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕ ಹೇರಿ ಹಳ್ಳಿಹಳ್ಳಿಗೆ ಒಯ್ಯುವ ಸಂಚಾರಿ ಗ್ರಂಥಾಲಯ ಹೊರಟಿತು. ಓದುಗರು ಬರದಿದ್ದರೆ ಪುಸ್ತಕವೇ ಹೋಗಬೇಕು ಎಂಬ ತತ್ವಕ್ಕೆ ಗಾಡಿಯೇ ಸಾಕ್ಷಿ.

ಅವರ ಸ್ವಂತ ಬದುಕು ಸುಖದ ಸುಪ್ಪತ್ತಿಗೆಯಾಗಿರಲಿಲ್ಲ. ಮೊದಲ ಪತ್ನಿ ರುಕ್ಮಿಣಿ 1928ರಲ್ಲಿ ತೀರಿಕೊಂಡರು. ಆಮೇಲೆ ಶಾರದಾ ಅವರನ್ನು ಮದುವೆಯಾದಾಗ, ಮದುವೆಯ ಶಾಸ್ತ್ರ ಮುಗಿಸಿ ಮಧ್ಯಾಹ್ನವೇ ಗ್ರಂಥಾಲಯಕ್ಕೆ ಹೋಗಿ ಕೆಲಸಕ್ಕೆ ಕುಳಿತರಂತೆ. ಮದ್ರಾಸಿನ ಎರಡು ದಶಕಗಳಲ್ಲಿ ರಜೆ ಹಾಕಿದವರಲ್ಲ, ಭಾನುವಾರವೂ ದುಡಿತ. ಇಂಥ ಮನುಷ್ಯನ ಜೊತೆ ಸಂಸಾರ ಮಾಡುವುದು ಸುಲಭವಾಗಿರಲಾರದು. ಹಾಗಾಗಿ ಅವರ ಸಾಧನೆಯ ಒಂದು ಪಾಲು ಶಾರದಮ್ಮನವರಿಗೂ ಸಲ್ಲಬೇಕು. ಅದನ್ನು ರಂಗನಾಥನ್ ಮರೆಯಲಿಲ್ಲ. ಜೀವಮಾನದ ಉಳಿತಾಯದಿಂದ ಒಂದು ಲಕ್ಷ ರೂಪಾಯಿಯನ್ನು ಗ್ರಂಥಾಲಯ ವಿಜ್ಞಾನದ ಪೀಠಕ್ಕಾಗಿ ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಕೊಟ್ಟಾಗ ಪೀಠಕ್ಕೆ ಇಟ್ಟದ್ದು ಪತ್ನಿಯ ಹೆಸರನ್ನು. ಬೆಂಗಳೂರಿನಲ್ಲಿ ಸ್ಥಾಪಿಸಿದ ದತ್ತಿಗೂ ಶಾರದಾ ರಂಗನಾಥನ್ ಎಂದೇ ಹೆಸರು.

1945ರಲ್ಲಿ ಸರ್ವಪಲ್ಲಿ ರಾಧಾಕೃಷ್ಣನ್ ಅವರ ಕರೆಯ ಮೇರೆಗೆ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಲಕ್ಷದಷ್ಟು ಪುಸ್ತಕಗಳನ್ನು ತಾವೇ ಕುಳಿತು ವರ್ಗೀಕರಿಸಿದರು. 1947ರಲ್ಲಿ ದೆಹಲಿಗೆ ಹೋಗಿ ಅಲ್ಲಿ ಈ ವಿದ್ಯೆಗೆ ಸ್ನಾತಕೋತ್ತರ ಪದವಿ, ಸಂಶೋಧನೆ ಎಲ್ಲವನ್ನೂ ತಂದರು. ಅವರ ಮಾರ್ಗದರ್ಶನದಲ್ಲಿ ದೇಶದಲ್ಲೇ ಮೊದಲು ಈ ವಿಷಯದಲ್ಲಿ ಡಾಕ್ಟರೇಟ್ ಪಡೆದವರು ಡಿ.ಬಿ. ಕೃಷ್ಣರಾವ್. ಅವರು ಆರಿಸಿಕೊಂಡದ್ದು ಕೃಷಿ ವಿಷಯದ ವರ್ಗೀಕರಣವನ್ನು. ಭಾರತೀಯ ಮಾನಕ ಸಂಸ್ಥೆಯ ದಾಖಲೆ ವಿಭಾಗದ ಸಮಿತಿಗೂ ರಂಗನಾಥನ್ ಬಹುಕಾಲ ಅಧ್ಯಕ್ಷರಾಗಿದ್ದರು. ಸಿಮೆಂಟಿಗೆ, ಕಬ್ಬಿಣಕ್ಕೆ ಮಾನಕ ಇರುವಂತೆ ಪುಸ್ತಕದ ವಿವರ ಬರೆಯುವುದಕ್ಕೂ ಮಾನಕ ಬೇಕೆಂಬುದು ಅವರ ಹಟ. ಆಗಲೇ ಒಬ್ಬರು ಬರೆದ ಸೂಚಿ ಇನ್ನೊಬ್ಬರಿಗೆ ಅರ್ಥವಾದೀತು.

1957ರಲ್ಲಿ ಪದ್ಮಶ್ರೀ ಬಂತು. ಆ ವರ್ಷವೇ ಅವರು ಬೆಂಗಳೂರಿಗೆ ಬಂದು ಮಲ್ಲೇಶ್ವರದಲ್ಲಿ ನೆಲೆಸಿದರು. ವಿಶ್ರಾಂತಿಯ ವಯಸ್ಸು, ಆದರೆ ವಿಶ್ರಾಂತಿ ಅವರ ಜಾತಕದಲ್ಲಿ ಬರೆದಿರಲಿಲ್ಲ. 1962ರಲ್ಲಿ ಪಿ.ಸಿ. ಮಹಾಲನೋಬಿಸ್ ಅವರ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭಿಸಿದರು. ಆ ಕೇಂದ್ರ ಇಂದಿಗೂ ಇದೆ. 1965ರಲ್ಲಿ ಕೇಂದ್ರ ಸರ್ಕಾರ ಅವರನ್ನು ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರನ್ನಾಗಿ ಗೌರವಿಸಿತು.

ನಮ್ಮ ಊರುಗಳಿಗೆ ಅವರು ಕೊಟ್ಟ ಕೊಡುಗೆ ಅದೇ ವರ್ಷದ್ದು. ಸಾರ್ವಜನಿಕ ಗ್ರಂಥಾಲಯ ಯಾರದೋ ದಾನದಿಂದ ನಡೆಯಬಾರದು, ರಸ್ತೆ ದೀಪ, ಕುಡಿಯುವ ನೀರಿನ ಹಾಗೆ ಕಾನೂನಿನ ಬಲದಿಂದ ನಡೆಯಬೇಕು ಎಂದು ಅವರು 1930ರಿಂದಲೇ ಮಸೂದೆಗಳನ್ನು ಬರೆಯುತ್ತಾ ಬಂದಿದ್ದರು. ಆ ಶ್ರಮದ ಮೊದಲ ಫಲ 1948ರ ಮದ್ರಾಸ್ ಕಾಯ್ದೆ. ನಮ್ಮ ರಾಜ್ಯಕ್ಕೂ ಅವರು ಕರಡು ಸಿದ್ಧಪಡಿಸಿಕೊಟ್ಟರು. ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ 1965ರಲ್ಲಿ ಅಂಗೀಕಾರವಾಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ಚಿತ್ರದುರ್ಗದಲ್ಲಿ ವಕೀಲಿ ನಡೆಸಿ ಮೇಲೆ ಬಂದ ನಮ್ಮ ಎಸ್. ನಿಜಲಿಂಗಪ್ಪನವರು. 1966ರಲ್ಲಿ ಕಾಯ್ದೆ ಜಾರಿಗೆ ಬಂತು, ಗ್ರಂಥಾಲಯ ಇಲಾಖೆ ಹುಟ್ಟಿತು. ನಾವು ಮನೆ ಕಂದಾಯದ ಜೊತೆಗೆ ಕಟ್ಟುವ ಗ್ರಂಥಾಲಯ ಕರ, ಚಿತ್ರದುರ್ಗದ ಜಿಲ್ಲಾ ಗ್ರಂಥಾಲಯ, ತಾಲ್ಲೂಕು ಕೇಂದ್ರಗಳ ಶಾಖೆಗಳು, ಇಂದು ಅರಿವು ಕೇಂದ್ರವೆಂದು ಕರೆಯುವ ಪಂಚಾಯಿತಿ ಗ್ರಂಥಾಲಯಗಳು, ಎಲ್ಲದರ ಹಿಂದೆ ಆ ಕಾಯ್ದೆಯಿದೆ. ಕೂಲಿ ಮುಗಿಸಿ ಬಂದವರು ಸಂಜೆ ದಿನಪತ್ರಿಕೆ ತಿರುವಿದರೆ, ಕೆಲಸದ ಪರೀಕ್ಷೆಗೆ ಓದುವ ಹುಡುಗಿ ಅಲ್ಲಿ ಪುಸ್ತಕ ಕೇಳಿದರೆ, ಅದು ಭಿಕ್ಷೆಯಲ್ಲ, ಹಕ್ಕು.

ರಂಗನಾಥನ್ 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 80 ವರ್ಷ. ನಿಜ ಹೇಳಬೇಕೆಂದರೆ ಅವರ ಕೋಲನ್ ಪದ್ಧತಿಯನ್ನು ಇಂದು ಬಳಸುವ ಗ್ರಂಥಾಲಯಗಳು ಕಡಿಮೆ. ಅದರ ಸಂಖ್ಯೆಗಳು ಉದ್ದ, ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಿದ್ದವು. ನಮ್ಮಲ್ಲಿ ಹೆಚ್ಚಿನವು ಡ್ಯೂಯಿಯನ್ನೇ ಹಿಡಿದಿವೆ. ಆದರೆ ವಿಷಯವನ್ನು ಮುಖಗಳಾಗಿ ಬಿಡಿಸುವ ಅವರ ವಿಚಾರವನ್ನು ಲೋಕದ ವರ್ಗೀಕರಣಕಾರರೆಲ್ಲ ಸ್ವೀಕರಿಸಿದರು. ಮರ ಕಾಣದಿದ್ದರೂ ಬೀಜ ಎಲ್ಲ ಕಡೆ ಬಿದ್ದು ಮೊಳೆತಿದೆ.

ಈಗ ನಮ್ಮ ಶಾಲೆಯ ಮಾತು. ಸರ್ಕಾರಿ ಶಾಲೆಗಳಲ್ಲಿ ಪುಸ್ತಕದ ಬೀರುವಿಗೆ ಬೀಗ ಬೀಳುವುದು ಮೇಷ್ಟ್ರುಗಳಿಗೆ ಓದಿನ ಮೇಲೆ ಪ್ರೀತಿ ಇಲ್ಲವೆಂದಲ್ಲ. ದಾಸ್ತಾನು ಪುಸ್ತಕದಲ್ಲಿ ಬರೆದ ಪುಸ್ತಕ ಕಳೆದರೆ, ವರ್ಗಾವಣೆಯಾಗುವಾಗ ಲೆಕ್ಕ ಒಪ್ಪಿಸಬೇಕಾದವರು ಅವರೇ. ಪಾಠ, ಪರೀಕ್ಷೆ, ಬಿಸಿಯೂಟದ ಲೆಕ್ಕದ ನಡುವೆ ಗ್ರಂಥಾಲಯವೂ ಒಬ್ಬ ಮೇಷ್ಟ್ರ ಹೆಗಲಿಗೆ ಬಿದ್ದಿರುತ್ತದೆ. ಈ ಭಯಕ್ಕೆ ಮದ್ದು ಬೈಗುಳವಲ್ಲ, ಒಳ್ಳೆಯ ಸೂಚಿ. ಯಾವ ಪುಸ್ತಕ ಎಲ್ಲಿದೆ, ಯಾರ ಕೈಯಲ್ಲಿದೆ ಎಂದು ಒಂದು ನಿಮಿಷದಲ್ಲಿ ಹೇಳಬಲ್ಲ ಪಟ್ಟಿ ಇದ್ದರೆ ಬೀಗ ತೆಗೆಯಲು ಧೈರ್ಯ ತಾನಾಗಿ ಬರುತ್ತದೆ. ಬಳಕೆಯಲ್ಲಿ ಕೆಲವು ಪುಸ್ತಕ ಹರಿಯುತ್ತವೆ, ಒಂದೆರಡು ಕಳೆಯುತ್ತವೆ. ಓದದೆ ಗೆದ್ದಲು ತಿಂದ ಪುಸ್ತಕದ ನಷ್ಟಕ್ಕೆ ಹೋಲಿಸಿದರೆ ಅದು ಸಣ್ಣದು. ಇಲಾಖೆಯೂ ಅದನ್ನು ಹಾಗೆಯೇ ಕಾಣಬೇಕು.

ಆದ್ದರಿಂದ ಹಳೆಯ ವಿದ್ಯಾರ್ಥಿ ಬಳಗಕ್ಕೆ ನನ್ನದೊಂದು ವಿನಂತಿ. ಪುಸ್ತಕ ಕೊಟ್ಟು ಫೋಟೊ ತೆಗೆಸಿಕೊಂಡರೆ ಕೆಲಸ ಮುಗಿಯುವುದಿಲ್ಲ. ಪ್ರತಿ ಪುಸ್ತಕಕ್ಕೆ ಒಂದು ಕ್ರಮಸಂಖ್ಯೆ, ಬೆನ್ನಿಗೆ ವಿಷಯದ ಸಂಖ್ಯೆಯ ಚೀಟಿ, ಲೇಖಕ, ಶೀರ್ಷಿಕೆ, ವಿಷಯ ಮೂರರಿಂದಲೂ ಹುಡುಕಬಹುದಾದ ಪಟ್ಟಿ, ಇಷ್ಟು ಆಗಬೇಕು. ಸರ್ಕಾರದ ಎನ್‌ಐಸಿ ರೂಪಿಸಿದ ಇ-ಗ್ರಂಥಾಲಯ ಎಂಬ ತಂತ್ರಾಂಶವೇ ಇದೆ. ಅದು ಕಷ್ಟವೆನಿಸಿದರೆ ಕಂಪ್ಯೂಟರಿನ ಸಾದಾ ಪಟ್ಟಿಯೂ ಸಾಕು. ಪಟ್ಟಿ ಮಾಡುವ ಕೆಲಸವನ್ನು ನಾನೂ ನನ್ನ ಬ್ಯಾಚಿನ ಗೆಳೆಯರೂ ರಜೆಯ ದಿನಗಳಲ್ಲಿ ಬಂದು ಮಾಡಿಕೊಡಲು ಸಿದ್ಧರಿದ್ದೇವೆ. ಚೀಟಿ ಅಂಟಿಸುವುದು, ಪುಸ್ತಕ ಕೊಟ್ಟು ಪಡೆಯುವುದು ಎಂಟು ಒಂಬತ್ತನೆಯ ತರಗತಿಯ ಮಕ್ಕಳ ಕೈಯಲ್ಲಿರಲಿ. ಜೋಡಿಸಿದವರಿಗೇ ಓದುವ ಆಸೆ ಮೊದಲು ಹುಟ್ಟುತ್ತದೆ.

ತಂದೆಯಿಲ್ಲದೆ ಬೆಳೆದ, ಮಾತು ತೊದಲುತ್ತಿದ್ದ ಹುಡುಗನೊಬ್ಬ ಸಾವಿರಾರು ಗ್ರಂಥಾಲಯಗಳಿಗೆ ಬಾಯಿ ಕೊಟ್ಟ. ಅಂಥ ಹುಡುಗ, ಹುಡುಗಿ ನಮ್ಮ ಶಾಲೆಯ ಕೊನೆಯ ಬೆಂಚಿನಲ್ಲೂ ಕೂತಿರಬಹುದು. ಕೇಳಲು ಸಂಕೋಚಪಡುವ ಆ ಮಗುವಿಗೆ, ಯಾರನ್ನೂ ಕೇಳದೆಯೇ ತನ್ನ ಪುಸ್ತಕ ಹುಡುಕಿಕೊಳ್ಳುವ ದಾರಿ ಮಾಡಿಕೊಡುವುದು ಈ 50ನೆಯ ವರ್ಷದಲ್ಲಿ ನಾವು ಶಾಲೆಗೆ ಸಲ್ಲಿಸಬಹುದಾದ ಒಳ್ಳೆಯ ಕಾಣಿಕೆ.